ಒಂದೇ ಸುತ್ತಿಗೆ, ಎರಡು ಕಾಗದ

ತುಕ್ಕು ಹಿಡಿದ ಹಳೇ ಸುತ್ತಿಗೆಯೊಂದರ ಚಿತ್ರವನ್ನು ಜಲವರ್ಣದಲ್ಲಿ ಎರಡು ಸಲ ಬರೆದೆ. ಒಮ್ಮೆ ತರಿತರಿಯಾದ ಕೋಲ್ಡ್ ಪ್ರೆಸ್ ಕಾಗದದ ಮೇಲೆ, ಇನ್ನೊಮ್ಮೆ ನುಣುಪಾದ ಹಾಟ್ ಪ್ರೆಸ್ ಮೇಲೆ. ಎರಡೂ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕ), ಪೂರ್ತಿ ಹತ್ತಿಯದು. ಬಣ್ಣಗಳೂ ಅವೇ: ಬರ್ನ್ಟ್ ಸಿಯೆನಾ ಎಂಬ ಕೆಂಗಂದು, ಅಲ್ಟ್ರಾಮರೀನ್ ಎಂಬ ನೀಲಿ, ಮರದ ಹಿಡಿಗೆ (ಕಾವಿಗೆ) ಒಂದಿಷ್ಟು ಯೆಲ್ಲೋ ಓಕರ್ ಎಂಬ ಮಣ್ಣು ಹಳದಿ. ಕಪ್ಪು ಮುಟ್ಟಲೇ ಇಲ್ಲ. ಮೊದಲಿನೆರಡು ಬೆರೆತರೆ ಕಬ್ಬಿಣದ ಬೂದು ತಾನಾಗಿ ಸಿಗುತ್ತದೆ. ನೀಲಿ ಮುಂದಾದರೆ ತಣ್ಣನೆಯ ಲೋಹ, ಕಂದು ಮುಂದಾದರೆ ತುಕ್ಕು.

ತುಕ್ಕಿನ ವಿಷಯದಲ್ಲಿ ಕೋಲ್ಡ್ ಪ್ರೆಸ್ ಅನುಮಾನ ಬರುವಷ್ಟು ಸಲೀಸು. ಅಲ್ಟ್ರಾಮರೀನ್‌ನ ಕಣಗಳು ಕಾಗದದ ತಗ್ಗುಗಳಲ್ಲಿ ಹೋಗಿ ಕೂರುತ್ತವೆ. ವಾಶ್, ಅಂದರೆ ನೀರು ಬೆರೆಸಿ ಬಳಿದ ತೆಳು ಬಣ್ಣ, ಒಣಗುವಷ್ಟರಲ್ಲಿ ಸುತ್ತಿಗೆಯ ತಲೆ ತುಂಬ ಚುಕ್ಕೆ. ಅದರ ಮೇಲೆ ಒಣಕುಂಚ ಒಂದೆಳೆ ಎಳೆದರೆ ಉಬ್ಬುಗಳಿಗಷ್ಟೇ ಬಣ್ಣ ಹತ್ತಿ, ಮುಟ್ಟಿದರೆ ಕೈಗೆ ಪುಡಿ ಅಂಟೀತು ಅನ್ನಿಸುತ್ತದೆ. ನೋಡಿದವರೆಲ್ಲ ಮೆಚ್ಚಿದರು, ನನಗೇ ಕಸಿವಿಸಿ. ನನ್ನೆದುರಿನ ಸುತ್ತಿಗೆಯ ಹೊಡೆಯುವ ಮುಖ ಸವೆದು ಹೊಳೆಯುತ್ತಿತ್ತು, ಕಾವು ತೂರಿದ ಕಣ್ಣಿನ ಸುತ್ತ ಪದರ ಎದ್ದಿತ್ತು. ಕಾಗದ ಮಾತ್ರ ಮುಖಕ್ಕೂ ಕಣ್ಣಿಗೂ ಒಂದೇ ತರಿ ಬಳಿದಿತ್ತು. ಅದು ಕಾಗದದ ತುಕ್ಕು, ಸುತ್ತಿಗೆಯದಲ್ಲ. ಕಾವಿನ ಬಿರುಕೂ ನಡುನಡುವೆ ಕಡಿದುಹೋಯಿತು.

ಹಾಟ್ ಪ್ರೆಸ್ ಮೊದಲ ಅರ್ಧ ಗಂಟೆ ಅಳು ಬರಿಸುವುದೊಂದು ಬಾಕಿ. ನೀರು ಮೇಲೇ ನಿಂತು, ಅಂಚುಗಳು ಗಡಸಾಗಿ, ನಡುವೆ ಹೂಕೋಸಿನಂಥ ಕಲೆ. ಮೂರನೇ ಪದರ ಹಾಕುವಾಗ ಕೆಳಗಿನದು ಕದಡಿ ಎದ್ದುಬಂತು. ನೀರು ಕಡಿಮೆ ಮಾಡಿ, ಪ್ರತಿ ಪದರವನ್ನೂ ಪೂರ್ತಿ ಒಣಗಿಸಿದ ಮೇಲೆ ಹದ ಸಿಕ್ಕಿತು. ಆಮೇಲೆ ನೋಡಿ: ಕಾವಿನ ತುದಿಗೆ ಬಡಿದ ಬೆಣೆ, ಅದರ ಪಕ್ಕದ ಕೂದಲೆಳೆ ಬಿರುಕು, ಸೊನ್ನೆ ನಂಬರಿನ ಕುಂಚಕ್ಕೆ ಒಂದೂ ತಪ್ಪಲಿಲ್ಲ.

ಹೊಳಪಿಗೂ ಹಾಟ್ ಪ್ರೆಸ್ಸೇ ವಾಸಿ. ಒದ್ದೆ ಕುಂಚದಲ್ಲಿ ತಿಕ್ಕಿ ಟಿಶ್ಯೂ ಒತ್ತಿದರೆ ಬಣ್ಣ ಮೇಲೇಳುತ್ತದೆ. ಕೋಲ್ಡ್ ಪ್ರೆಸ್‌ನಲ್ಲಿ ಹೊಳಪಿನ ಜಾಗಕ್ಕೆ ಬಣ್ಣ ತಾಗದಂತೆ ಮಾಸ್ಕಿಂಗ್ ಫ್ಲೂಯಿಡ್ ಎಂಬ ರಬ್ಬರಿನಂಥ ದ್ರವ ಹಚ್ಚಿ ಎರಡು ದಿನ ಮರೆತಿದ್ದೆ. ಕೀಳುವಾಗ ಕಾಗದದ ಸಿಪ್ಪೆಯೂ ಬಂತು. ತಪ್ಪು ನನ್ನದೇ.

ನೆರಳಿಗೆ ಮಾತ್ರ ಕೋಲ್ಡ್ ಪ್ರೆಸ್ ಮೇಲು, ಅಂಚು ಮೆತ್ತಗೆ ಕರಗುತ್ತದೆ. ಜಲವರ್ಣ ಈಗಷ್ಟೇ ಹಿಡಿದವರಿಗೂ ಅದೇ ಸಾಕು.

ನಾನು ಹಾಟ್ ಪ್ರೆಸ್‌ನಲ್ಲೇ ಉಳಿದೆ. ತುಕ್ಕಿನ ತರಿಗೆಂದು ಒದ್ದೆ ಬಣ್ಣದ ಮೇಲೆ ಉಪ್ಪು ಉದುರಿಸಿದೆ, ತುಕ್ಕಿನ ಬದಲು ಹಿಮದ ಹೂ ಅರಳಿತು. ಕೊನೆಗೆ ಹೊಡೆಯುವ ಮುಖಕ್ಕೆ ಕಾಗದದ ಚೂರು ಮುಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕಣ್ಣಿನ ಸುತ್ತ ಮಾತ್ರ ಸಿಯೆನಾ ಸಿಡಿಸಿದೆ.