ಹವ್ಯಾಸಿ ಆಟಕ್ಕೆ ಗೊಡಾಟ್, ಲವ್, ಎಸ್‌ಡಿಎಲ್: ಯಾವುದು ಯಾರಿಗೆ?

ಒಂದೇ ಆಟ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡಬೇಕೆಂದಾದರೆ, ಕಟ್ಟುವ ಶ್ರಮದ ಮಟ್ಟಿಗೆ ಗೊಡಾಟ್ ಎಂಬ ಗೇಮ್ ಎಂಜಿನ್ (ಆಟ ತಯಾರಿಸುವ ತಂತ್ರಾಂಶ) ಹಗುರ. ಎಕ್ಸ್‌ಪೋರ್ಟ್ ಟೆಂಪ್ಲೇಟುಗಳನ್ನು (ಆಯಾ ವೇದಿಕೆಗೆ ಮೊದಲೇ ಕಟ್ಟಿಟ್ಟ ಎಂಜಿನ್ ಕಡತಗಳನ್ನು) ಇಳಿಸಿಕೊಂಡರೆ ಒಂದೇ ಕಂಪ್ಯೂಟರಿನಿಂದ ಮೂರಕ್ಕೂ, ಗೊಡಾಟಿನದೇ ಭಾಷೆಯಾದ ಜಿಡಿಸ್ಕ್ರಿಪ್ಟ್‌ನಲ್ಲಿ ಬರೆದಿದ್ದರೆ ಬ್ರೌಸರಿಗೂ, ಪ್ಯಾಕೇಜು ಸಿದ್ಧವಾಗುತ್ತದೆ.

ಸಣ್ಣ ಎರಡು ಆಯಾಮದ ಆಟಕ್ಕೆ ನಾನು ಲುವಾ ಭಾಷೆಯಲ್ಲಿ ಆಟ ಬರೆಯುವ ಚೌಕಟ್ಟಾದ ಲವ್ ಕಡೆಗೇ ವಾಲುತ್ತೇನೆ. ಆಟ ಶುರುವಾಗುವ ಮೇನ್.ಲುವಾ ಕಡತವು ಯಾವ ಫೋಲ್ಡರಿನೊಳಗೂ ಅಡಗದಂತೆ ಜಿಪ್ ಮಾಡಿ, ಕಡತದ ಹೆಸರಿನ ಕೊನೆಯನ್ನು ‘.ಲವ್’ ಎಂದು ಬದಲಿಸಿದರೆ ಕೆಲಸ ಮುಗಿಯಿತು. ಆದರೆ ಆಡುವವರ ಬಳಿಯೂ ಲವ್ ಇರಬೇಕು. ಇಲ್ಲದಿದ್ದರೆ, ವಿಂಡೋಸ್‌ನವರಿಗೆ ಆ ಜಿಪ್ಪನ್ನು ಲವ್.ಎಕ್ಸಿ ಕಡತದ ಬಾಲಕ್ಕೆ ಅಂಟಿಸಿ, ಅದಕ್ಕೆ ಬೇಕಾದ ಲೈಬ್ರರಿ ಕಡತಗಳಾದ ಡಿಎಲ್‌ಎಲ್‌ಗಳೊಡನೆ ಕೊಡಬೇಕಾಗುತ್ತದೆ.

ಸಿ ಭಾಷೆ ಮತ್ತು ಕಿಟಕಿ, ಚಿತ್ರ, ಧ್ವನಿಗಳನ್ನು ನೋಡಿಕೊಳ್ಳುವ ಲೈಬ್ರರಿಯಾದ ಎಸ್‌ಡಿಎಲ್ ಜೋಡಿಯು ಪೂರ್ಣ ಹಿಡಿತ ಬಯಸುವವರಿಗೆ ಹಾಗೂ ಹಳೆಯ ಯಂತ್ರಗಳನ್ನು ಗುರಿಯಾಗಿಸಿಕೊಂಡವರಿಗೆ ತಕ್ಕುದು. ಪ್ರತಿ ವೇದಿಕೆಗೂ ಬೇರೆಯಾಗಿಯೇ ಕಂಪೈಲ್ ಮಾಡಬೇಕು (ಯಂತ್ರಭಾಷೆಗೆ ತಿರುಗಿಸಬೇಕು). ಹೊಸ ಲಿನಕ್ಸಿನಲ್ಲಿ ಕಟ್ಟಿದ್ದು, ಲಿನಕ್ಸಿನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ತಕರಾರಿನಿಂದ ಹಳೆಯದರಲ್ಲಿ ತೆರೆಯದಿರಬಹುದಾದ್ದರಿಂದ, ಹಳೆಯ ಡಿಸ್ಟ್ರೋದಲ್ಲೇ (ಲಿನಕ್ಸ್ ಆವೃತ್ತಿಯಲ್ಲೇ) ಕಟ್ಟುವುದು ಕ್ಷೇಮ.

ಮೂರೂ ಉಚಿತ, ಮ್ಯಾಕ್‌ನಲ್ಲಿ ಅಪರಿಚಿತ ತಂತ್ರಾಂಶವೆಂಬ ಎಚ್ಚರಿಕೆಯ ಕಿಟಕಿ ಬೇಡವೆಂದರೆ ಮಾತ್ರ ಆಪಲ್‌ನ ಡೆವಲಪರ್ ಸದಸ್ಯತ್ವಕ್ಕೆ ವಾರ್ಷಿಕ ಶುಲ್ಕ ತೆರಬೇಕು.