ಕ್ಲಿಕ್ ಅಂದಾಕ್ಷಣ ಫಿಟ್ ಆಗಲ್ಲ: ಹಳೇ ಟಾಪರ್‌ಗೆ ಎರಡನೇ ಬ್ಯಾರೆಲ್ ಕೂರಿಸಿಕೊಟ್ಟ ಗನ್‌ಸ್ಮಿತ್ ಬಗ್ಗೆ

ನಮ್ಮ ಹತ್ರ ಇರೋದು ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್‌ನವರ ಟಾಪರ್ 158, 12 ಗೇಜ್, ಒಂಟಿ ನಳಿಗೆ, ಮಧ್ಯಕ್ಕೆ ಮಡಚಿ ತೋಟಾ ಹಾಕೋ ಕೋವಿ, ಅಂದ್ರೆ ಶಾಟ್‌ಗನ್. ಗೇಜ್ ಅಂದ್ರೆ ನಳಿಗೆ (ಬ್ಯಾರೆಲ್) ಒಳಗಿನ ಅಗಲದ ಅಳತೆ, ನಂಬರ್ ಜಾಸ್ತಿ ಆದಷ್ಟೂ ಅಗಲ ಕಮ್ಮಿ. ಅಮೆರಿಕದಲ್ಲಿ ಈ ಥರದ್ದು ಎಷ್ಟೋ ಮನೆಗಳ ಕಪಾಟಲ್ಲಿದೆ, ಕೆಡೋಕೆ ಅದರಲ್ಲಿ ಜಾಸ್ತಿ ಭಾಗಗಳೇ ಇಲ್ಲ. ಆದ್ರೆ ತೂಕ ಕಮ್ಮಿ, ಹಂಗಾಗಿ ಒದೆತ ಜೋರು, ನಾಲ್ಕು ಗುಂಡು ಹಾರಿಸೋದ್ರಲ್ಲಿ ನನ್ನ ಹೆಂಡತಿ ಭುಜ ಕೆಂಪಾಗೋದು. ಅದಕ್ಕೇ ಒದೆತ ಕಮ್ಮಿ ಇರೋ ಒಂದು 20 ಗೇಜ್ ಬ್ಯಾರೆಲ್ ತಗೊಂಡು ಇದೇ ಕೋವಿಗೆ ಹಾಕಿಬಿಡೋಣ ಅಂತ ಹೊರಟೆ. ಮುಂದಿನ ಮರದ ಹಿಡಿಯ ಸ್ಕ್ರೂ ಬಿಚ್ಚಿ, ಕೋವಿ ಮಡಚಿದ್ರೆ ಬ್ಯಾರೆಲ್ ಕೀಲಿಂದ ಎದ್ದು ಬರುತ್ತೆ, ಎರಡು ನಿಮಿಷದ ಕೆಲಸ. ಅಷ್ಟು ಸುಲಭ ಇರೋದೇ ಇದರ ಅಪಾಯ ಅಂತ ಈಗ ಗೊತ್ತಾಗಿದೆ.

ಆನ್‌ಲೈನ್‌ನಲ್ಲಿ ಒಬ್ಬರು ಹಳೇ ಬ್ಯಾರೆಲ್ ಮಾರ್ತಿದ್ರು, ಯಾವ ಟಾಪರ್‌ಗಾದ್ರೂ ಹಂಗೇ ಕೂರುತ್ತೆ, ಏನೂ ಕೆಲಸ ಬೇಡ ಅಂತ ಬರ್ದಿದ್ರು. ಬಂತು, ಹಾಕ್ದೆ, ಕ್ಲಿಕ್ ಅಂತ ಮುಚ್ಚಿಕೊಳ್ತು, ಅಲ್ಲಾಡ್ತಾನೂ ಇರ್ಲಿಲ್ಲ, ಖುಷಿಯಾಗೋಯ್ತು. ಆದ್ರೂ ಯಾಕೋ ಮನಸ್ಸು ಒಪ್ಪಲಿಲ್ಲ, ಖಾಲಿ ಕೋವಿನ ಕಿಟಕಿ ಬೆಳಕಿಗೆ ಅಡ್ಡ ಹಿಡಿದು ಬ್ಯಾರೆಲ್ ಹಿಂಭಾಗ ಫ್ರೇಮಿಗೆ (ಕೋವಿಯ ಲೋಹದ ಮೈಗೆ) ಸೇರೋ ಜಾಗ ನೋಡಿದ್ರೆ ಕೂದಲೆಳೆಯಷ್ಟು ಬೆಳಕು ಕಾಣಿಸ್ತು, ಅದೂ ಎಡಗಡೆ ಜಾಸ್ತಿ ಬಲಗಡೆ ಕಮ್ಮಿ. ಒಂದು ಗುಂಡೂ ಹಾರಿಸದೆ ಎತ್ತಿಟ್ಟು ಗನ್‌ಸ್ಮಿತ್, ಅಂದ್ರೆ ಕೋವಿ ರಿಪೇರಿ ಮಾಡೋರನ್ನ, ಹುಡುಕಿದೆ. ಸಣ್ಣ ಅಂಗಡಿ, ಒಬ್ಬರೇ ವಯಸ್ಸಾದ ಮನುಷ್ಯ, ಅವರ ಕೆಲಸದ ಬಗ್ಗೆನೇ ಈ ರಿವ್ಯೂ.

ಅವರು ಮೊದಲು ಮಾಡಿದ್ದು ಮರದ ಹಿಡಿ ಬಿಚ್ಚಿ ಪಕ್ಕಕ್ಕಿಟ್ಟಿದ್ದು. ಆ ಹಿಡಿ ಬ್ಯಾರೆಲ್ಲನ್ನ ಕೀಲಿಗೆ ಒತ್ತಿ ಹಿಡ್ಕೊಂಡಿರುತ್ತೆ, ಹಂಗಾಗಿ ಒಳಗೆ ಎಷ್ಟು ಸಡಿಲ ಇದ್ರೂ ಕೈಗೆ ಗಟ್ಟಿ ಅನ್ಸುತ್ತೆ ಅಂದ್ರು. ಹಿಡಿ ಇಲ್ಲದೆ ಮುಚ್ಚಿ ಬ್ಯಾರೆಲ್ ಅಲ್ಲಾಡಿಸಿ ಅಂತ ನನ್ನ ಕೈಗೇ ಕೊಟ್ರು, ಟಕ್ ಟಕ್ ಅಂತ ಆಡ್ತಿತ್ತು. ಹೊಟ್ಟೆ ತಣ್ಣಗಾಯ್ತು ನಂಗೆ. ತೋಟಾ ಸಿಡಿದಾಗ ಅದರ ತಳ ಹಿಂದಕ್ಕೆ ಫ್ರೇಮಿಗೆ ಗುದ್ದುತ್ತೆ, ಆ ಹೊಡೆತ ತಡೆದು ಕೋವಿನ ಮುಚ್ಚಿ ಹಿಡಿಯೋದು ಕೀಲಿನ ಪಿನ್ನು ಮತ್ತೆ ಬ್ಯಾರೆಲ್ ಕೆಳಗಿನ ಲಾಚು, ಈ ಎರಡೇ. ಅದರ ಹಿಂದೆ ಇರೋದು ನಮ್ಮ ಮುಖ.

ಆಮೇಲೆ ಹೆಡ್‌ಸ್ಪೇಸ್ ಗೇಜ್ ತೆಗೆದ್ರು, ಅಂದ್ರೆ ತೋಟಾದ ತಳಕ್ಕೂ ಫ್ರೇಮಿಗೂ ನಡುವೆ ಎಷ್ಟು ಜಾಗ ಇದೆ ಅಂತ ನೋಡೋ ಅಳತೆ ತುಂಡುಗಳು. ಗೋ ಅನ್ನೋ ಗೇಜ್ ಹಾಕಿದ್ರೆ ಕೋವಿ ಮುಚ್ಚಬೇಕು, ನೋ ಗೋ ಹಾಕಿದ್ರೆ ಮುಚ್ಚಬಾರದು. ನನ್ನದು ಎರಡಕ್ಕೂ ಆರಾಮಾಗಿ ಮುಚ್ಚಿಕೊಳ್ತು, ಅಂದ್ರೆ ತೋಟಾ ಹಿಂದೆ ಇರಬೇಕಾದ್ದಕ್ಕಿಂತ ಜಾಗ ಜಾಸ್ತಿ. ಹಿಂಗಿದ್ರೆ ಪ್ರೈಮರ್ (ತೋಟಾದ ತಳದಲ್ಲಿ ಕಿಡಿ ಹೊತ್ತಿಸೋ ಪುಟ್ಟ ಬಟ್ಟಲು) ಹಿಂದಕ್ಕೆ ಎದ್ದು ಬರಬಹುದು, ಅದಕ್ಕೆ ಬಡಿಯೋ ಪಿನ್ ಸರಿಯಾಗಿ ಹೊಡೀದೆ ತೋಟಾ ಸಿಡೀದೇ ಇರಬಹುದು, ತೋಟಾದ ತಳ ಒಡೆದು ಗ್ಯಾಸ್ ಹಿಂದಕ್ಕೂ ಬರಬಹುದು.

ನಂಗೆ ತುಂಬಾ ಇಷ್ಟ ಆಗಿದ್ದು ಅವರು ಕೆಲಸ ಮಾಡೋದನ್ನ ನೋಡಕ್ಕೆ ಬಿಟ್ಟಿದ್ದು. ಬ್ಯಾರೆಲ್ ಕೆಳಗೆ ಕೀಲಿನ ಪಿನ್ನಿಗೆ ಕೂರೋ ಕೊಕ್ಕೆ ಸವೆದಿತ್ತು. ಕೆಲವರು ಸೋಡಾ ಕ್ಯಾನ್ ಕತ್ತರಿಸಿ ಆ ತಗಡನ್ನ ಸಂದಿಗೆ ತುರುಕ್ತಾರಂತೆ, ಅದು ಎಷ್ಟು ದಿನ ನಿಲ್ಲುತ್ತೆ ಅಂತ ಯಾರಿಗೂ ಹೇಳಕ್ಕಾಗಲ್ಲ ಅಂತ ಇವರು ಮುಟ್ಟಲಿಲ್ಲ. ಕೊಕ್ಕೆ ಒಳಗೆ ಸ್ವಲ್ಪ ವೆಲ್ಡ್ ತುಂಬಿ ಸಣ್ಣ ಅರದಲ್ಲಿ ಉಜ್ಜಕ್ಕೆ ಶುರು ಮಾಡಿದ್ರು. ಒಂದು ಪುಟ್ಟ ದೀಪದ ಮಸಿ ಕೊಕ್ಕೆಗೆ ಹಿಡಿಸೋದು, ಬ್ಯಾರೆಲ್ ಹಾಕಿ ಮುಚ್ಚೋದು, ತೆಗೆದು ನೋಡೋದು, ಎಲ್ಲಿ ಮಸಿ ಅಳಿಸಿ ಲೋಹ ಹೊಳೀತಿದೆಯೋ ಅಲ್ಲಿ ಮಾತ್ರ ಎರಡು ಸಲ ಅರ ಆಡಿಸೋದು, ಮತ್ತೆ ಮಸಿ. ನಾನು ಎಣಿಸಿದ್ದೇ ಇಪ್ಪತ್ತಕ್ಕೂ ಜಾಸ್ತಿ ಸಲ. ಕೊನೇಲಿ ಮಸಿ ಅಂಚಿಂದ ಅಂಚಿಗೆ ಒಂದೇ ಸಮ ಅಳಿಸಿತು, ಬೆಳಕಿಗೆ ಹಿಡಿದ್ರೆ ಆ ಗೆರೆ ಇರಲೇ ಇಲ್ಲ. ಲಾಚ್ ಕೂರೋ ಮೆಟ್ಟಿಲನ್ನ ಮಾತ್ರ ಮುಟ್ಟೋಕೇ ಹೋಗಲಿಲ್ಲ, ಯಾಕಂದ್ರೆ ಮುಚ್ಚಕ್ಕೆ ಬಿಗಿ ಆದ್ರೆ ಜನ ಮೊದಲು ಉಜ್ಜೋದು ಅದನ್ನೇ, ಒಂಚೂರು ಜಾಸ್ತಿ ಉಜ್ಜಿದ್ರೆ ಗುಂಡು ಹಾರಿದಾಗ ಕೋವಿ ತಂತಾನೇ ಬಾಯಿ ಬಿಡುತ್ತೆ.

ಬರೀ ಪ್ರೈಮರ್ ಇರೋ ಖಾಲಿ ತೋಟಾ ಹಾಕಿ ಪಿನ್ ನಡುಮಧ್ಯಕ್ಕೆ ಹೊಡೀತಿದೆಯಾ ಅಂತ ನೋಡಿದ್ರು. ಆಮೇಲೆ ಕೋವಿನ ಸ್ಟ್ಯಾಂಡಿಗೆ ಕಟ್ಟಿ, ಮರೆಯಲ್ಲಿ ನಿಂತು ಹಗ್ಗ ಎಳೆದು ಮೂರು ಗುಂಡು ಹಾರಿಸಿ, ಪ್ರತಿ ಸಲ ತೋಟಾದ ತಳ ಪರೀಕ್ಷೆ ಮಾಡಿದ್ರು.

ನಾನು ಆಸೆಗೆ ಬಿದ್ದು ಹಂಗೇ ಒಂದು .30-30 (ಅದೊಂದು ರೈಫಲ್ ತೋಟಾದ ಹೆಸರು) ರೈಫಲ್ ಬ್ಯಾರೆಲ್ಲೂ ಹಾಕ್ಕೊಡ್ತೀರಾ ಅಂದೆ. ಕಡ್ಡಿ ಮುರಿದ ಹಾಗೆ ಆಗಲ್ಲ ಅಂದ್ರು. 12 ಗೇಜ್ ಮಾಮೂಲಿ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 11,500 ಪೌಂಡ್, .30-30ರದ್ದು 42,000. ಶಾಟ್‌ಗನ್‌ಗೆ ಅಂತ ಮಾಡಿದ ಫ್ರೇಮಿಗೆ ಅದನ್ನ ಹಾಕೋ ಮಾತೇ ಇಲ್ಲ. ಇಲ್ಲಿ ಗೊಂದಲ ಏನಂದ್ರೆ 158 ಅನ್ನೋ ಹೆಸರಲ್ಲೇ ಕಂಪನಿಯವರು .30-30 ಕೂಡ ಮಾರಿದ್ರು, ಹಂಗಾಗಿ ಹೆಸರು ನೋಡಿ ನಂದೂ ತಡಕೊಳ್ಳುತ್ತೆ ಅನ್ಕೊಳ್ಳೋರು ಇದಾರೆ, ದಯವಿಟ್ಟು ಅನ್ಕೋಬೇಡಿ. ಹಳೇ ಕಂಪನಿ 1986ರಲ್ಲಿ ಮುಚ್ಚಿತು, ಆಮೇಲೆ ನ್ಯೂ ಇಂಗ್ಲೆಂಡ್ ಫೈರ್‌ಆರ್ಮ್ಸ್ ಅಂತ ಶುರುವಾಗಿ ಬಂದ ಹೊಸ ಪೀಳಿಗೆಯಲ್ಲಿ ಶಾಟ್‌ಗನ್ನಿಗೆ ಎಸ್‌ಬಿ1, ರೈಫಲ್ಲಿಗೆ ಎಸ್‌ಬಿ2 ಅಂತ ಬೇರೆ ಬೇರೆ ಫ್ರೇಮ್ ಇದ್ವು. ಅದಕ್ಕೆ ಫ್ರೇಮ್ ಕಳಿಸಿದ್ರೆ ಫ್ಯಾಕ್ಟರಿಯವರೇ ಎಕ್ಸ್‌ಟ್ರಾ ಬ್ಯಾರೆಲ್ ಕೂರಿಸಿ ಕೊಡ್ತಿದ್ರು. ಅದೂ 2015ರ ಹೊತ್ತಿಗೆ ತಯಾರಿ ನಿಂತು ಮುಗಿದ ಕಥೆ. ಈಗ ಇಂಥ ಕೈಗಳೇ ಗತಿ.

ಬ್ಯಾರೆಲ್ ಉದ್ದದ ವಿಷಯನೂ ಕೇಳಿಕೊಳ್ಳಿ. ಅಮೆರಿಕದ 1934ರ ಕಾನೂನಿನ ಕೆಳಗೆ ಶಾಟ್‌ಗನ್ ಬ್ಯಾರೆಲ್ 18 ಇಂಚಿಗಿಂತ, ರೈಫಲ್ ಬ್ಯಾರೆಲ್ 16 ಇಂಚಿಗಿಂತ ಗಿಡ್ಡ ಇದ್ರೆ ಬೇರೆ ನೋಂದಣಿ ಬೇಕು.

ಇನ್ನೊಂದು ವಿಷಯಕ್ಕೆ ಅವರಿಗೆ ಕೈ ಮುಗೀಬೇಕು. 12 ಮತ್ತೆ 20 ಎರಡೂ ಒಂದೇ ಮನೇಲಿದ್ರೆ 20ರ ತೋಟಾ 12ರ ಬ್ಯಾರೆಲ್ಲಿಗೆ ಜಾರಿ ಮುಂದೆ ಹೋಗಿ ಸಿಕ್ಕಾಕೊಳ್ಳುತ್ತೆ, ಹಿಂದಿಂದ ನೋಡಿದ್ರೆ ಕೋವಿ ಖಾಲಿ, ಅದರ ಹಿಂದೆ 12ರ ತೋಟಾ ಹಾಕಿ ಹೊಡೆದ್ರೆ ಬ್ಯಾರೆಲ್ ಸಿಗಿದು ಹೋಗುತ್ತೆ, ಬೆರಳೂ ಹೋಗುತ್ತೆ. ಅದಕ್ಕೇ 20ರ ತೋಟಾಗಳು ಹಳದಿ ಬಣ್ಣದಲ್ಲಿ ಬರೋದು. ಅವರೇ ಎದುರಿಗೆ ಕೂರಿಸ್ಕೊಂಡು ನನಗೂ ಹೆಂಡತಿಗೂ ಡಮ್ಮಿ ತೋಟಾ ಜಾರಿಸಿ ತೋರಿಸಿದ್ರು. ಈಗ ನಮ್ಮನೇಲಿ ಎರಡಕ್ಕೂ ಬೇರೆ ಬೇರೆ ಡಬ್ಬಿ, ಬೇರೆ ಬೇರೆ ಬೀಗ, ಬ್ಯಾರೆಲ್ ಬದಲಾಯಿಸಿದ್ರೆ ಹೊರಗಿರೋದು ಒಂದೇ ಡಬ್ಬಿ, ಹಾಕೋ ಮುಂಚೆ ನಳಿಗೆ ಒಳಗೆ ಬೆಳಕು ಬಿಟ್ಟು ನೋಡೋದು.

ಬೇಜಾರಿನ ವಿಷಯನೂ ಹೇಳ್ಬೇಕು. ಎರಡು ವಾರ ಅಂದಿದ್ದು ಐದು ವಾರ ಆಯ್ತು, ಫೋನ್ ಮಾಡಿದ್ರೆ ಎತ್ತಲ್ಲ, ಮರದ ಹಿಡಿ 20ರ ಬ್ಯಾರೆಲ್ ಜೊತೆ ಇನ್ನೂ ಒಂಚೂರು ಬಿಗಿ ಇದೆ, ಮತ್ತೆ ತಗೊಂಡು ಹೋಗ್ಬೇಕು. ಖರ್ಚು ಬ್ಯಾರೆಲ್‌ಗಿಂತ ಜಾಸ್ತಿನೇ ಬಂತು. ಆದ್ರೂ ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಹೆಂಡತಿ ಮೊನ್ನೆ ಇಪ್ಪತ್ತೈದು ಗುಂಡು ಹಾರಿಸಿದ್ಲು, ಪ್ರತಿ ಪ್ರೈಮರ್‌ನೂ ನಾನೇ ನೋಡ್ದೆ, ಎಲ್ಲ ಸಮತಟ್ಟು, ಗುರುತು ನಡುಮಧ್ಯ.

ನೀವು ಇಂಥ ಕೆಲಸಕ್ಕೆ ಕೊಡೋದಾದ್ರೆ ಬ್ಯಾರೆಲ್ ಒಂದನ್ನೇ ಕೊಟ್ಟು ಬರಬೇಡಿ, ಫ್ರೇಮ್, ಹಳೇ ಬ್ಯಾರೆಲ್, ಮರದ ಹಿಡಿ ಎಲ್ಲಾ ಒಟ್ಟಿಗೆ ಕೊಡಿ, ವಾಪಸ್ ಬಂದ್ಮೇಲೆ ಆ ಬ್ಯಾರೆಲ್ಲನ್ನ ಇನ್ನೊಬ್ಬರ ಕೋವಿಗೆ ಹಾಕಕ್ಕೆ ಕೊಡಬೇಡಿ. ನಮ್ಮದಕ್ಕೆ ಅವರು ಕೊಕ್ಕೆ ಪಕ್ಕದಲ್ಲಿ ಫ್ರೇಮಿನ ನಂಬರಿನ ಕೊನೇ ನಾಲ್ಕು ಅಂಕಿ ಕೆತ್ತಿ ಕೊಟ್ಟಿದಾರೆ.