ಐದು ವರ್ಷ ಬಳಸಿದ ಎಲ್‌ಸಿಡಿ ಮಾನಿಟರ್: ಹಗಲಿಗೆ ಫುಲ್ ಮಾರ್ಕ್ಸ್, ಕತ್ತಲೆಗೆ ಫೇಲು

ಸಿನಿಮಾ ಮುಗಿಯುತ್ತದೆ. ಪರದೆ ಕಪ್ಪಾಗುತ್ತದೆ. ಹೆಸರುಗಳು ಇನ್ನೂ ಶುರುವಾಗಿರುವುದಿಲ್ಲ. ಆ ಎರಡು ಸೆಕೆಂಡ್ ಇದೆಯಲ್ಲ, ಆಗ ನನ್ನ ಮಾನಿಟರ್‌ನ ಕೆಳಗಿನ ಬಲ ಮೂಲೆಯಲ್ಲಿ ಮಂಕು ಹಳದಿ ಬೆಳಕು ಕಾಣಿಸುತ್ತದೆ. ಮುಚ್ಚಿದ ಬಾಗಿಲ ಸಂದಿಯಿಂದ ಪಕ್ಕದ ಕೋಣೆಯ ದೀಪ ಕಂಡ ಹಾಗೆ. ಐದು ವರ್ಷದಿಂದ ನೋಡುತ್ತಿದ್ದೇನೆ. ನಿಜ ಹೇಳಬೇಕೆಂದರೆ ಈ ವಿಮರ್ಶೆ ಬರೆಯಲು ಕೂತದ್ದೇ ಆ ಮೂಲೆಯ ಸಿಟ್ಟಿನಿಂದ.

27 ಇಂಚು, 4ಕೆ, ಐಪಿಎಸ್ (ಎಲ್‌ಸಿಡಿಯಲ್ಲೇ ಒಂದು ಬಗೆ) ಪ್ಯಾನೆಲ್. ಉಳಿದ ವಿವರವೆಲ್ಲ ಡಬ್ಬಿ ಮೇಲೇ ಇರುತ್ತದೆ, ನೀವೂ ನೋಡಿರುತ್ತೀರಿ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಇದೇ ಜಾತಿಯ ಪ್ಯಾನೆಲ್ ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಬರುತ್ತದೆ. ನನ್ನ ತಕರಾರು ಹೆಚ್ಚುಕಡಿಮೆ ಅವೆಲ್ಲಕ್ಕೂ ಸಲ್ಲುತ್ತದೆ.

ನನ್ನ ಕೆಲಸ ಕರಡು ತಿದ್ದುವುದು. ದಿನಕ್ಕೆ ಎಂಟು ಗಂಟೆ ಕನ್ನಡ ಅಕ್ಷರ ನೋಡುತ್ತಾ ಕೂರಬೇಕು. ಮೊದಲು ಇದ್ದದ್ದು 24 ಇಂಚಿನ ಹಳೆಯ ಟಿಎನ್ (ಎಲ್‌ಸಿಡಿಯ ಇನ್ನೊಂದು ಬಗೆ) ಮಾನಿಟರ್. ಅದರಲ್ಲಿ ‘ಅರ್ಥ’ ಯಾವುದು, ‘ಅರ್ಧ’ ಯಾವುದು ಅಂತ ಗೊತ್ತಾಗಲು ಮೂಗು ಪರದೆಗೆ ತಾಗಿಸಬೇಕಿತ್ತು. ಥಕಾರದ ಹೊಟ್ಟೆಯ ಚುಕ್ಕೆಗೆ ಅಲ್ಲಿ ಸಿಗುತ್ತಿದ್ದದ್ದು ಹೆಚ್ಚೆಂದರೆ ಒಂದು ಪಿಕ್ಸೆಲ್, ಅದೂ ಬೂದು ಬಣ್ಣದ್ದು. ಒತ್ತಕ್ಷರಗಳ ಕಥೆ ಕೇಳಲೇಬೇಡಿ. ಅದರ ಒಂದು ಪಿಕ್ಸೆಲ್ ಸುಮಾರು 0.277 ಮಿಲಿಮೀಟರ್ ಅಗಲ. ಈ ಹೊಸದರಲ್ಲಿ 0.155. ಅಂದರೆ ಅಷ್ಟೇ ಗಾತ್ರದ ಅಕ್ಷರ ಬಿಡಿಸಲು ಈಗ ಮೂರು ಪಟ್ಟಿಗೂ ಜಾಸ್ತಿ ಪಿಕ್ಸೆಲ್ ಇವೆ. ಮೊದಲ ದಿನ ಒಂದು ಹಳೆಯ ಫೈಲ್ ತೆರೆದು ನೋಡಿದೆ. ನಾನೇ ತಿದ್ದಿ ಕಳಿಸಿದ್ದ ಪುಟದಲ್ಲಿ ಎರಡು ‘ಅರ್ದ’ ಕೂತಿದ್ದವು. ನಾಚಿಕೆಯಾಯಿತು. ಆದರೆ ಮಾನಿಟರ್ ಮೇಲೆ ಪ್ರೀತಿ ಹುಟ್ಟಿದ್ದೂ ಅವತ್ತೇ.

ಬೆಳಿಗ್ಗೆ ನನ್ನದೊಂದು ಪದ್ಧತಿ ಇದೆ. ಆನ್ ಮಾಡುವ ಮೊದಲು ಕಪ್ಪು ಪರದೆಯನ್ನು ಕಿಟಕಿ ಬೆಳಕಿನಲ್ಲಿ ಓರೆಯಾಗಿ ನೋಡುತ್ತೇನೆ. ಧೂಳು ಆಗ ಚೆನ್ನಾಗಿ ಕಾಣುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆ, ಒತ್ತದೆ, ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಕಿಟಕಿ ಗಾಜು ಒರೆಸುವ ದ್ರವ ಮುಟ್ಟಿಸುವುದಿಲ್ಲ, ಮೇಲಿನ ಮ್ಯಾಟ್ ಪದರ ಹಾಳಾಗುತ್ತದೆ. ಆಮೇಲೆ ಆನ್ ಮಾಡಿ ಅರ್ಧ ಗಂಟೆ ಬರೀ ಮೇಲ್ ನೋಡುವುದು, ಅಷ್ಟೇ. ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ, ಬಿಸಿಯಾಗಿ ಬೆಳಕು ಒಂದು ಹದಕ್ಕೆ ನಿಲ್ಲಲು ಅಷ್ಟು ಹೊತ್ತು ಬೇಕು. ಕರಡು ತಿದ್ದಲು ಇದೆಲ್ಲ ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಹಳೆಯ ಟಿಎನ್ ಮಾನಿಟರನ್ನು ಬೈದೆ. ಅದರ ಪರವಾಗಿಯೂ ಒಂದು ಮಾತು ಹೇಳಬೇಕು. ಅದರಲ್ಲಿ ತಲೆ ಸ್ವಲ್ಪ ತಗ್ಗಿಸಿದರೆ ಬಣ್ಣ ಬದಲಾಗುತ್ತಿತ್ತು, ಇನ್ನೂ ಕೆಳಗಿನಿಂದ ನೋಡಿದರೆ ಕಪ್ಪು ಬಿಳುಪು ಅದಲುಬದಲು. ಆದರೂ ಅಷ್ಟು ಸಹಿಸುವಂತೆ ಇದ್ದದ್ದು ಒಂದು ತೆಳು ಹಾಳೆಯಿಂದ. ಆ ಹಾಳೆಯ ಬೇರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ ಅಂತ ಗೊತ್ತಾದಾಗ ಹಳೆಯ ಮಾನಿಟರ್ ಮೇಲಿನ ಅರ್ಧ ಸಿಟ್ಟು ಇಳಿಯಿತು. ಎಲ್‌ಸಿಡಿ ಪರದೆಯೊಳಗೆ ಬೆಳಕನ್ನು ಬಿಡುವ, ತಡೆಯುವ ಕೆಲಸ ದ್ರವ ಹರಳಿನದು (ಲಿಕ್ವಿಡ್ ಕ್ರಿಸ್ಟಲ್: ದ್ರವದ ಹಾಗೆ ಹರಿದರೂ ಅಣುಗಳು ಒಂದು ಸಾಲು ಹಿಡಿದು ನಿಲ್ಲುವ ವಸ್ತು). ಅದರ ಅಣು ಅಂದರೆ ಕಡ್ಡಿಯ ಹಾಗೆ ಉದ್ದ ಇರಬೇಕು ಅಂತ ಎಲ್ಲರೂ ತಿಳಿದಿದ್ದ ಕಾಲ. 1977ರಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಸೇರಿ ಬಿಲ್ಲೆಯ ಆಕಾರದ ಅಣುಗಳೂ ದ್ರವ ಹರಳಾಗುತ್ತವೆ ಅಂತ ತೋರಿಸಿದರು. (ಇವರು ನಕ್ಷತ್ರಗಳ ಅಧ್ಯಯನಕ್ಕೆ ನೊಬೆಲ್ ಪಡೆದ ಚಂದ್ರಶೇಖರ್ ಅಲ್ಲ, ಬೇರೆ.) 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಕಂಪನಿಯವರು ಅಂಥ ಬಿಲ್ಲೆ ಅಣುಗಳನ್ನು ಓರೆಯಾಗಿ ಜೋಡಿಸಿ ಹಾಳೆ ಮಾಡಿದರು. ಟಿಎನ್ ಪರದೆ ಕಪ್ಪು ತೋರಿಸುವಾಗ ಒಳಗಿನ ಕಡ್ಡಿ ಅಣುಗಳು ಓರೆ ನೋಟಕ್ಕೆ ಮಾಡುವ ಎಡವಟ್ಟನ್ನು ಈ ಬಿಲ್ಲೆಗಳು ಸರಿದೂಗಿಸುತ್ತವೆ, ತಕ್ಕಡಿಯ ಇನ್ನೊಂದು ತಟ್ಟೆಗೆ ತೂಕ ಹಾಕಿದ ಹಾಗೆ.

ಐಪಿಎಸ್‌ಗೆ ಈ ರೋಗ ಇಲ್ಲ. ಇದರಲ್ಲಿ ಕಡ್ಡಿಗಳು ಎದ್ದು ನಿಲ್ಲುವುದಿಲ್ಲ, ಮಲಗಿದಲ್ಲೇ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತವೆ. ಹಿಟಾಚಿ 1996ರಲ್ಲಿ ಇದನ್ನು ಮಾರುಕಟ್ಟೆಗೆ ತಂದದ್ದೇ ಪಕ್ಕದಿಂದ ನೋಡಿದರೂ ಬಣ್ಣ ಕೆಡಬಾರದು ಅಂತ. ನಿಜ, ಕೆಡುವುದಿಲ್ಲ. ಬಿಳಿ ಪುಟ ಎಲ್ಲಿಂದ ನೋಡಿದರೂ ಬಿಳಿ. ಕೆಡುವುದು ಕಪ್ಪು.

ಕೊಂಡ ಮೊದಲ ವಾರದಲ್ಲೇ ಮೂಲೆಯ ಬೆಳಕು ಕಂಡಿತು. ವಾಪಸ್ ಕಳಿಸಿದೆ. ಎರಡನೆಯದು ಬಂತು. ಅದರಲ್ಲೂ ಇತ್ತು, ಎಡ ಮೂಲೆಯಲ್ಲಿ ಇನ್ನೂ ಜೋರಾಗಿ. ಮತ್ತೆ ಫೋನ್ ಮಾಡಿದರೆ, ‘ಅದು ಪ್ಯಾನೆಲ್‌ನ ಸ್ವಭಾವ ಸಾರ್’ ಅಂದರು. ಮೈ ಉರಿಯಿತು. ಒಂದು ತಿಂಗಳ ಸಂಪಾದನೆ ಸುರಿದು ತಂದ ವಸ್ತುವಿನ ಸ್ವಭಾವವನ್ನು ನಾನು ಯಾಕೆ ಸಹಿಸಬೇಕು? ಮೂರನೆಯದು ಬಂತು. ಅದೇ ಈಗ ಮೇಜಿನ ಮೇಲಿರುವುದು. ಮತ್ತೆ ಕಳಿಸುವಷ್ಟು ತಾಳ್ಮೆ ಉಳಿದಿರಲಿಲ್ಲ.

ಆಮೇಲೆ ಹಟಕ್ಕೆ ಬಿದ್ದು ಓದಿದೆ. ಫೋನಿನಲ್ಲಿ ಹೇಳಿದವರು ಅರ್ಧ ಸರಿ.

ಮೂಲೆಯ ಬೆಳಕಿನಲ್ಲಿ ಎರಡು ಬಗೆ. ಚೌಕಟ್ಟು ಪ್ಯಾನೆಲನ್ನು ಎಲ್ಲೋ ಬಿಗಿಯಾಗಿ ಒತ್ತಿ ಬ್ಯಾಕ್‌ಲೈಟ್ ಸೋರುವುದು ಒಂದು. ಪರದೆಯ ಓರೆ ನೋಟದಿಂದಲೇ ಹುಟ್ಟುವ ಹೊಳಪು ಇನ್ನೊಂದು. ಪತ್ತೆ ಮಾಡುವುದು ಸುಲಭ. ಕೋಣೆ ಕತ್ತಲು ಮಾಡಿ, ಪರದೆಗೆ ಪೂರ್ತಿ ಕಪ್ಪು ಚಿತ್ರ ಹಾಕಿ, ತಲೆ ಆಚೀಚೆ ಆಡಿಸಿ. ಬೆಳಕು ಅಲ್ಲೇ ಕಚ್ಚಿಕೊಂಡಿದ್ದರೆ ಅದು ಸೋರಿಕೆ, ಬಿಡಬೇಡಿ, ಬದಲಾಯಿಸಿ. ತಲೆಯ ಜೊತೆ ಬೆಳಕೂ ಓಡಾಡಿದರೆ ಅದು ಹೊಳಪು, ಬದಲಾಯಿಸಿ ಪ್ರಯೋಜನ ಕಡಿಮೆ. ಎರಡನೆಯದರಲ್ಲಿ ಇದ್ದದ್ದು ಸೋರಿಕೆ. ಈಗಿರುವುದರಲ್ಲಿ ಹೊಳಪು.

ಹೊಳಪು ಯಾಕೆ ಬರುತ್ತದೆ ಅಂತ ಎರಡು ಪೆನ್ಸಿಲ್‌ನಿಂದ ನೋಡಬಹುದು. ಪರದೆಯ ಹಿಂದೊಂದು ಮುಂದೊಂದು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಇರುತ್ತವೆ, ಅವುಗಳ ದಿಕ್ಕು ಒಂದಕ್ಕೊಂದು ಅಡ್ಡಡ್ಡ. ಒಂದು ಬಿಟ್ಟ ಬೆಳಕನ್ನು ಇನ್ನೊಂದು ತಡೆಯುವುದರಿಂದಲೇ ಕಪ್ಪು ಹುಟ್ಟುವುದು. ಈಗ ಆ ಎರಡು ದಿಕ್ಕುಗಳ ಬದಲು ಎರಡು ಪೆನ್ಸಿಲ್‌ಗಳನ್ನು ಕೂಡಿಸುವ ಚಿಹ್ನೆಯ ಹಾಗೆ ಅಡ್ಡ ಇಟ್ಟು ಹಿಡಿಯಿರಿ. ನೇರ ನೋಡಿದರೆ ನಡುವಿನ ಕೋನ 90 ಡಿಗ್ರಿ. ಒಂದು ಪೆನ್ಸಿಲ್‌ನ ಸಾಲಿನಲ್ಲೇ ಕಣ್ಣು ಕೆಳಗಿಳಿಸಿದರೂ 90. ಆದರೆ ಎರಡರ ನಡುವಿನ ದಿಕ್ಕಿನಿಂದ ಓರೆಯಾಗಿ ನೋಡಿ, ಚಿಹ್ನೆ ಚಪ್ಪಟೆಯಾಗುತ್ತದೆ. ಕೋನ 90 ಉಳಿಯುವುದಿಲ್ಲ. ಅಲ್ಲೇ ಬೆಳಕು ನುಸುಳುವುದು. ಅದಕ್ಕೇ ಅದು ಮೂಲೆಗಳಲ್ಲಿ ಕಾಣುತ್ತದೆ, ಅಂಚುಗಳ ನಡುಭಾಗದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅವತ್ತು ಪೆನ್ಸಿಲ್ ಹಿಡಿದು ತುಂಬಾ ಹೊತ್ತು ಕೂತಿದ್ದೆ.

ಹಿಂದಿನ ದೀಪ ಸಣ್ಣದಾಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಪೋಲರೈಸರ್ ಅರ್ಧ ತಿನ್ನುತ್ತದೆ, ಬಣ್ಣದ ಸೋಸುಹಾಳೆ ಉಳಿದದ್ದರಲ್ಲಿ ಮೂರನೇ ಎರಡು ಭಾಗ ತಿನ್ನುತ್ತದೆ, ಪಿಕ್ಸೆಲ್‌ನ ತಂತಿ ಟ್ರಾನ್ಸಿಸ್ಟರ್‌ಗಳ ನೆರಳು ಬೇರೆ. ಕೊನೆಗೆ ನಮ್ಮ ಕಣ್ಣಿಗೆ ಬರುವುದು ನೂರರಲ್ಲಿ ಐದರಷ್ಟೋ ಏನೋ. ಹಾಗಾಗಿ ಒಳಗೆ ದೀಪ ಜೋರಾಗಿಯೇ ಉರಿಯಬೇಕು, ಪರದೆ ಕಪ್ಪಾಗಿದ್ದಾಗಲೂ. ಮಾಮೂಲಿ ಐಪಿಎಸ್‌ನಲ್ಲಿ ಬಿಳಿ ಮತ್ತು ಕಪ್ಪಿನ ಅನುಪಾತ 1000ಕ್ಕೆ 1ರ ಸುತ್ತ. ಅದೂ ನೇರ ನೋಡಿದಾಗ.

ಓದಿದ ಮೇಲೆ ಕುರ್ಚಿ ಹಿಂದಕ್ಕೆ ಎಳೆದೆ. ಇದೊಂದೇ ನಿಜವಾಗಿ ಕೆಲಸ ಮಾಡಿದ ರಿಪೇರಿ. ಮೊದಲು 50 ಸೆಂಟಿಮೀಟರ್ ದೂರದಲ್ಲಿ ಕೂರುತ್ತಿದ್ದೆ. ಅಲ್ಲಿಂದ ಮೂಲೆಯನ್ನು ನೋಡುವ ಓರೆ 34 ಡಿಗ್ರಿ. 80 ಸೆಂಟಿಮೀಟರ್‌ಗೆ ಹೋದರೆ 23. ಹಳದಿ ಕಲೆ ಪೂರ್ತಿ ಹೋಗಲಿಲ್ಲ, ಹುಡುಕಿದರೆ ಮಾತ್ರ ಸಿಗುವಷ್ಟಾಯಿತು. ಅಕ್ಷರ ಸ್ವಲ್ಪ ದೊಡ್ಡದು ಮಾಡಿಕೊಂಡೆ. ಮಾನಿಟರ್ ಹಿಂದೆ ಗೋಡೆಗೆ ಬೀಳುವಂತೆ ಒಂದು ಸಣ್ಣ ದೀಪ ಇಟ್ಟೆ. ಕೋಣೆ ಪೂರ್ತಿ ಕತ್ತಲಿಲ್ಲದಿದ್ದರೆ ಕಣ್ಣಿಗೆ ಬೂದು ಬಣ್ಣವೂ ಕಪ್ಪಾಗಿಯೇ ಕಾಣುತ್ತದೆ. ಬ್ರೈಟ್‌ನೆಸ್ 75ರಲ್ಲಿ ಬಂದಿತ್ತು, ಈಗ 28.

ಆದರೂ ಪೂರ್ತಿ ಕ್ಷಮಿಸಿಲ್ಲ. ಓರೆ ನೋಟದ ಈ ಹೊಳಪನ್ನು ತಗ್ಗಿಸುವ ಹಾಳೆಗಳು ಐಪಿಎಸ್‌ಗೂ ಇವೆ. ಹಳೆಯ ಕೆಲವು ದುಬಾರಿ ಮಾನಿಟರ್‌ಗಳಲ್ಲಿ ಎ-ಟಿಡಬ್ಲ್ಯೂ ಅನ್ನುವ ಪೋಲರೈಸರ್ ಇತ್ತು. ಪಕ್ಕದಿಂದ ನೋಡಿದರೆ ಕಪ್ಪು ತುಸು ನೇರಳೆಯಾಗುತ್ತಿತ್ತು, ಬೆಳ್ಳಗೆ ಹೊಳೆಯುತ್ತಿರಲಿಲ್ಲ. ನನ್ನದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ‘ಸ್ವಭಾವ ಸಾರ್’ ಅನ್ನುವುದು ಅರ್ಧ ಸತ್ಯ ಅಂದದ್ದು ಇದಕ್ಕೇ. ಇನ್ನರ್ಧ ಖರ್ಚು ಉಳಿಸಿದ ಸ್ವಭಾವ.

ಸಣ್ಣಪುಟ್ಟ ತಕರಾರು ಇನ್ನೂ ಇವೆ. ಚಳಿಯ ಬೆಳಿಗ್ಗೆ ಪುಟ ಸರಿಸಿದರೆ ಅಕ್ಷರ ಹಿಂದೆ ನೆರಳು ಎಳೆಯುತ್ತದೆ. ಚಳಿಗೆ ದ್ರವ ಹರಳು ಗಟ್ಟಿಯಾಗಿ ನಿಧಾನ ತಿರುಗುತ್ತದೆ, ಅಷ್ಟೇ. ಅದನ್ನು ಬೇಗ ತಿರುಗಿಸಲೆಂದು ಇರುವ ಓವರ್‌ಡ್ರೈವ್ ಮೆನುವಿನ ಕೊನೆಯ ಆಯ್ಕೆ ಸುಮ್ನೆ ಜಾಹೀರಾತಿಗೆ ಇಟ್ಟದ್ದು, ನೆರಳಿನ ಬದಲು ಬಿಳಿ ಬಾಲ ಬರುತ್ತದೆ. ನಡುವಿನದರಲ್ಲಿ ಇಡಿ.

ನಿರೀಕ್ಷೆಯೇ ಇಲ್ಲದ ಒಂದು ಖುಷಿಯೂ ಸಿಕ್ಕಿತು. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು, ಬಿಳಿ ಪುಟದ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಹಿಡಿದು ನೋಡಿ. ಪರದೆಯಿಂದ ಬರುವ ಬೆಳಕು ಮೊದಲೇ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಅಚ್ಚಿನಲ್ಲಿ ತಣ್ಣಗಾಗುವಾಗ ಪ್ಲಾಸ್ಟಿಕ್ ಒಳಗೆ ಉಳಿದ ಎಳೆತವೆಲ್ಲ ಗುಲಾಬಿ, ಹಸಿರು, ನೀಲಿ ಪಟ್ಟೆಗಳಾಗಿ ಕಾಣುತ್ತದೆ. ತೂತಿನ ಸುತ್ತ ಪಟ್ಟೆಗಳು ಒತ್ತೊತ್ತಾಗಿರುತ್ತವೆ. ತಲೆ ವಾಲಿಸಿದರೆ ಪರದೆಯೇ ಕಪ್ಪು. ಮನೆಗೆ ಬರುವ ಮಕ್ಕಳು ಈಗ ಸ್ಕೇಲ್ ತಮ್ಮದೇ ತರುತ್ತಾರೆ.

ಕತ್ತಲಲ್ಲಿ ಬರೀ ಸಿನಿಮಾ ನೋಡುವವರಾದರೆ ಇದು ನಿಮಗಲ್ಲ. ವಿಎ (ಎಲ್‌ಸಿಡಿಯ ಮತ್ತೊಂದು ಬಗೆ) ಪ್ಯಾನೆಲ್ ನೋಡಿ, ಕಪ್ಪು ಮೂರು ಪಟ್ಟು ಚೆನ್ನಾಗಿರುತ್ತದೆ. ಅಥವಾ 2000ಕ್ಕೆ 1ರ ಅನುಪಾತದ ಐಪಿಎಸ್ ಬ್ಲ್ಯಾಕ್ ನೋಡಿ. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್‌ಇಡಿ ಪರದೆಯಲ್ಲಿ ಈ ಗೋಳೇ ಇಲ್ಲ, ಬೇಡವಾದ ಪಿಕ್ಸೆಲ್ ಆರಿಯೇ ಹೋಗುತ್ತದೆ. ನನಗೂ ಆಸೆ ಇದೆ. ಆದರೆ ಎಂಟು ಗಂಟೆ ಒಂದೇ ಟೂಲ್‌ಬಾರ್ ಕದಲದೆ ಕೂತಿರುವ ಪರದೆ ನನ್ನದು, ಅದರ ಅಚ್ಚು ಬಿದ್ದೀತು ಅನ್ನುವ ಭಯ.

ಮೊನ್ನೆ ರಾತ್ರಿ ತಂಗಿ ನನ್ನ ಕುರ್ಚಿ ಮುಂದಕ್ಕೆ ಎಳೆದುಕೊಂಡು ಏನೋ ನೋಡುತ್ತಿದ್ದಳು. ‘ಅಣ್ಣಾ, ಆ ಮೂಲೇಲಿ ಏನೋ ಬೆಳಕು ಬರ್ತಿದೆ ನೋಡು’ ಅಂದಳು. ಎದ್ದು ಹೋಗಿ ಎರಡು ಪೆನ್ಸಿಲ್ ತಂದೆ.